ಹಿತ್ತಲ ಕೋಳಿಯೂ ಹಬ್ಬದ ಎಲೆಯೂ

೧

‘ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೆ?’ ಎಂಬ ಗಾದೆ ಕನ್ನಡನಾಡಿನ ಬಹುಭಾಗಗಳಲ್ಲಿ ಬಳಕೆಯಲ್ಲಿದೆ. ಬಲವುಳ್ಳವನು ಬಲಹೀನನ ಒಪ್ಪಿಗೆಗಾಗಿ ಕಾಯುವುದಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಗಾದೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಅದರೊಳಗೆ ಇರುವವರು ಇಬ್ಬರಲ್ಲ, ಮೂವರು ಎಂಬುದು ಗೋಚರವಾಗುತ್ತದೆ: ಕೋಳಿ, ಮಸಾಲೆ ಅರೆಯುವವಳು, ಅರೆದು ಬೇಯಿಸಿದ್ದನ್ನು ಉಣ್ಣುವವನು. ಗಾದೆಯನ್ನು ಆಡುವವರು ಕಡೆಯ ಇಬ್ಬರನ್ನೂ ಒಂದೇ ಪಕ್ಷವೆಂದು ಎಣಿಸುತ್ತಾರೆ. ವಾಸ್ತವವಾಗಿ ಹಳ್ಳಿಯ ಮನೆಯಲ್ಲಿ ಕೋಳಿಯನ್ನು ಸಾಕಿದವಳೂ ಮಸಾಲೆಯನ್ನು ಅರೆದವಳೂ ಬಹುಮಟ್ಟಿಗೆ ಒಬ್ಬಳೇ. ಎಲೆಯ ಮುಂದೆ ಮೊದಲು ಕುಳಿತವನು ಬೇರೆ. ಕೋಳಿಯನ್ನು ಕೇಳುವುದಿಲ್ಲವೆಂಬುದು ಸರಿ, ಸಾಕಿದವಳನ್ನಾದರೂ ಕೇಳುತ್ತಾರೆಯೆ? ಗಾದೆ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಕನ್ನಡ ಸಾಹಿತ್ಯ ಎತ್ತಿದೆಯೆ, ಎತ್ತಿದ್ದರೆ ಎಲ್ಲಿ, ಎಂಬುದೇ ಪ್ರಕೃತ ಪ್ರಬಂಧದ ವಿಚಾರ.

ಇಂಥ ವಿಷಯ ವಿಮರ್ಶೆಯ ಗಾಂಭೀರ್ಯಕ್ಕೆ ಒಗ್ಗುವುದೇ ಎಂದು ಕೆಲವರಿಗೆ ತೋರಬಹುದು. ಹಂಸ, ಕೋಗಿಲೆ, ನವಿಲು, ಗಿಳಿಗಳಿಗೆ ಕಾವ್ಯದಲ್ಲಿ ನೆಲೆಯಾದ ಆಸನವುಂಟು. ತಿಪ್ಪೆಯನ್ನು ಕೆದಕುವ ಕೋಳಿಗೆ ಅಂಥ ಆಸನವಿಲ್ಲ. ಹೀಗಿದ್ದೂ ಕನ್ನಡದ ಶ್ರೇಷ್ಠ ಕೃತಿಗಳಲ್ಲಿ ಕೆಲವು ತಮ್ಮ ಅತ್ಯಂತ ಗಹನವಾದ ಮಾತನ್ನು ಹೇಳಬೇಕಾದಾಗ ಕೋಳಿಯನ್ನೇ ಆಶ್ರಯಿಸಿವೆ. ಹನ್ನೆರಡನೆಯ ಶತಮಾನದ ಒಂದು ವಚನ, ೧೨೦೯ರ ಒಂದು ಜೈನಕಾವ್ಯ, ಇಪ್ಪತ್ತನೆಯ ಶತಮಾನದ ಒಂದು ನಾಟಕ, ಎರಡು ಮಹಾಕಾದಂಬರಿಗಳು, ಒಂದು ಕಿರುಕಾದಂಬರಿ — ಇವನ್ನು ಒಂದೇ ಸಾಲಿನಲ್ಲಿ ಇರಿಸಿ ನೋಡಿದಾಗ, ಸಾಕುವ ಕೈಗೂ ಉಣ್ಣುವ ಬಾಯಿಗೂ ನಡುವಣ ಅಂತರದ ಒಂದು ಚರಿತ್ರೆಯೇ ಕಣ್ಣಮುಂದೆ ನಿಲ್ಲುತ್ತದೆ.

೨

ಮೊದಲು ಸಾಕಣೆಯ ಮಾತು. ಹಿತ್ತಲಿನಲ್ಲಿ ಕೋಳಿ ಸಾಕುವುದು ಯಾರ ಕಣ್ಣಿಗೂ ಬೀಳದ ಕೆಲಸ. ಹೇಂಟೆ ಕಾವಿಗೆ ಬಂದುದನ್ನು ಅರಿತು, ಹತ್ತು ಹನ್ನೆರಡು ಮೊಟ್ಟೆಗಳನ್ನು ಆರಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ, ಮನೆಯ ಕತ್ತಲೆಯ ಮೂಲೆಯಲ್ಲಿ ಅದನ್ನು ಕೂರಿಸಬೇಕು. ೨೧ ದಿನಗಳ ಕಾಲ ಅದರ ನೀರು, ಕಾಳುಗಳ ಕಡೆಗೆ ಗಮನವಿರಬೇಕು. ಮರಿಗಳು ಒಡೆದು ಬಂದ ಮೇಲೆ ನುಚ್ಚು ಚೆಲ್ಲಬೇಕು. ಹಗಲು ಹದ್ದು ಗಿಡುಗಗಳಿಂದಲೂ, ಇರುಳು ಕಾಡುಬೆಕ್ಕಿನಿಂದಲೂ ಕಾಯಬೇಕು. ಸಂಜೆ ಕೂಗಿ ಕರೆದು, ಎಣಿಸಿ, ಮಂಕರಿ ಕವುಚಬೇಕು. ಇಷ್ಟಾದ ಮೇಲೆಯೂ ಕೊಕ್ಕರೆ ರೋಗ ಒಮ್ಮೆ ಊರನ್ನು ಹೊಕ್ಕಿತೆಂದರೆ ಕೆಲವೇ ದಿನಗಳಲ್ಲಿ ಗೂಡುಗಳು ಬರಿದಾಗುವುದುಂಟು. ಹೀಗೆ ಉಳಿದು ಬೆಳೆದ ನಾಟಿಕೋಳಿ ಅಡುಗೆಗೆ ಒದಗಲು ಐದಾರು ತಿಂಗಳು ಹಿಡಿಯುತ್ತದೆ. ಸಾಕಣೆ ಕೇಂದ್ರದ ಮಾಂಸದ ಕೋಳಿಗೆ ಸುಮಾರು ಆರು ವಾರ ಸಾಕು. ಈ ಎರಡು ಅವಧಿಗಳ ವ್ಯತ್ಯಾಸವೇ ಪರಿಚಯದ ವ್ಯತ್ಯಾಸ. ಐದಾರು ತಿಂಗಳು ದಿನಕ್ಕೆರಡು ಬಾರಿ ಎಣಿಸಿದ ಪ್ರಾಣಿಯನ್ನು ಸಾಕಿದವಳು ಅದರ ಬಣ್ಣದಿಂದ, ನಡಿಗೆಯಿಂದ, ಕೂಗಿನಿಂದ ಬಲ್ಲಳು.

ಈ ಕೆಲಸ ಹೆಚ್ಚಾಗಿ ಹೆಂಗಸಿನದು. ಅದರ ಲಾಭವೂ ಅವಳದೇ ಎಂಬುದು ಹಳ್ಳಿಯ ಬಾಯಿಮಾತಿನ ಒಪ್ಪಂದ. ಹೊಲದ ಪತ್ರ ಗಂಡಸಿನ ಹೆಸರಿನಲ್ಲಿದ್ದರೂ ಮೊಟ್ಟೆ ಮಾರಿದ ಕಾಸು ಹೆಂಗಸಿನ ಸೆರಗಿನ ಗಂಟಿಗೆ ಸೇರುತ್ತದೆ. ಕೋಳಿಯಿಲ್ಲದವಳಿಗೆ ಹೇಂಟೆಯೊಂದನ್ನು ಪಾಲಿಗೆ ಕೊಟ್ಟು, ಆದ ಮರಿಗಳನ್ನು ಸಮನಾಗಿ ಹಂಚಿಕೊಳ್ಳುವ ಪದ್ಧತಿಯೂ ಉಂಟು. ಬರಹವಿಲ್ಲದ, ಸಾಕ್ಷಿಯಿಲ್ಲದ ಈ ವ್ಯವಹಾರದಲ್ಲಿ ಅಸಲು ಯಾವುದು, ಬಡ್ಡಿ ಯಾವುದು ಎಂಬ ಬಗ್ಗೆ ಎರಡೂ ಕಡೆಯವರಿಗೆ ಸಂದೇಹವಿರುವುದಿಲ್ಲ. ಆದುದರಿಂದ ಹಿತ್ತಲ ಕೋಳಿಯೆಂದರೆ ಕೇವಲ ಆಹಾರವಲ್ಲ. ತನ್ನದೆನ್ನಲು ಬೇರೇನೂ ಇಲ್ಲದವಳ ಆಸ್ತಿ.

ಆ ಆಸ್ತಿ ಕರಗುವುದು ಹಬ್ಬದ ದಿನ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನದ ಹೊಸತೊಡಕು, ಮಹಾಲಯದಲ್ಲಿ ಹಿರಿಯರಿಗೆ ಇಡುವ ಎಡೆ, ಊರ ಮಾರಿಹಬ್ಬ. ತುಳುನಾಡಿನಲ್ಲಿ ದೈವಕ್ಕೆ ಅಗೆಲು ಬಡಿಸಿದ ಬಳಿಕ ಮನೆಯವರು ಉಣ್ಣುವ ಊಟ. ಮಲೆನಾಡಿನಲ್ಲಿ ನೆಂಟರು ಬಂದಾಗಿನ ಕಡುಬು ಮತ್ತು ಕೋಳಿಸಾರು — ಇವೆಲ್ಲವೂ ವರ್ಷವಿಡೀ ಅಂಬಲಿ ಮುದ್ದೆಗಳಲ್ಲಿ ಕಳೆದ ಬಾಯಿಗೆ ದೊರೆಯುವ ತೃಪ್ತಿಯ ದಿನಗಳು. ಅಂದಿನ ಊಟದ ರುಚಿಯನ್ನು ಅಲ್ಲಗಳೆಯುವುದು ಕೃತಕವಾದ ಸೌಜನ್ಯವಾದೀತು. ನಾಟಿಕೋಳಿ ಬೇಗ ಬೇಯದು. ಬೆಳಗಿನಿಂದಲೇ ಒಲೆ ಹೊತ್ತಿರಬೇಕು. ಹುರಿದ ಮಸಾಲೆಯ ಕಂಪು ಬೀದಿಗೆ ಹರಡಬೇಕು. ಮನೆಯ ಮಕ್ಕಳು ಹತ್ತು ಬಾರಿ ಅಡುಗೆಮನೆಗೆ ಬಂದು ಹೋಗಬೇಕು. ಈ ಕಾಯುವಿಕೆಯೇ ಹಬ್ಬದ ಅರ್ಧಭಾಗ. ಆದರೆ ಅದೇ ಬೆಳಿಗ್ಗೆ ಗೂಡಿನ ಬಾಗಿಲು ತೆರೆದು, ತನ್ನ ಕರೆಗೆ ಓಗೊಟ್ಟು ಬರುವ ಪ್ರಾಣಿಯನ್ನು ಹಿಡಿದುಕೊಡುವವಳೂ ಸಾಕಿದವಳೇ. ಮಮತೆಯೂ ಹಸಿವೂ ಒಂದೇ ಕೈಯಲ್ಲಿ ಸೇರುವ ಈ ಗಳಿಗೆ ಸಾಹಿತ್ಯಕ್ಕೆ ಸಹಜವಾಗಿ ಒದಗಬೇಕಾದ ವಸ್ತು.

೩

ಶಾಸ್ತ್ರಸಾಹಿತ್ಯದಲ್ಲಿ ಈ ವಸ್ತುವಿಗೆ ಸ್ಥಳ ದೊರೆಯಲಿಲ್ಲ. ಸುಮಾರು ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಚಾರವಿದೆ, ೧೬ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಗೇ ಮೀಸಲಾದ ಗ್ರಂಥ. ಎರಡರ ಅಡುಗೆಯೂ ಶಾಕಾಹಾರದ ಅಡುಗೆಯೇ. ಕರ್ತೃಗಳು ಜೈನರಾದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ದೂಷಿಸಲು ಕಾರಣವೂ ಇಲ್ಲ. ಆದರೆ ಕನ್ನಡಿಗರ ಪಾಕಪರಂಪರೆಯೆಂದರೆ ಈ ಗ್ರಂಥಗಳಲ್ಲಿರುವಷ್ಟೇ ಎಂದು ತಿಳಿಯುವ ಪ್ರವೃತ್ತಿ ವಿಮರ್ಶಕರಲ್ಲಿ ಬೆಳೆದುಬಂದಿರುವುದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಈ ತಿಳಿವಳಿಕೆಯನ್ನು ತಿದ್ದುತ್ತದೆ. ಅದರ ಅನ್ನಭೋಗದಲ್ಲಿ ಮಾಂಸದ ಅಡುಗೆಗಳು ಮುಚ್ಚುಮರೆಯಿಲ್ಲದೆ ಬರುತ್ತವೆ. ವಿನೋದಗಳ ಸಾಲಿನಲ್ಲಿ ಕುಕ್ಕುಟವಿನೋದ, ಅಂದರೆ ಹುಂಜಗಳ ಕಾಳಗ, ಸೇರಿದೆ. ಗ್ರಂಥದ ಭಾಷೆ ಸಂಸ್ಕೃತ. ಬರೆಯಿಸಿದ ಆಸ್ಥಾನ ಕನ್ನಡನಾಡಿನದು. ಕನ್ನಡದ ಅಡುಗೆಯ ಗ್ರಂಥಗಳು ಹೇಳದಿದ್ದುದನ್ನು ಕನ್ನಡನಾಡಿನ ಅರಸ ಸಂಸ್ಕೃತದಲ್ಲಿ ಹೇಳಿದನು ಎಂಬುದು ಗಮನಿಸತಕ್ಕ ಸಂಗತಿ. ಆದರೂ ಸೋಮೇಶ್ವರನ ಹುಂಜ ಅರಮನೆಯ ಹುಂಜ. ಹಿತ್ತಲಿನಲ್ಲಿ ಅದಕ್ಕೆ ನುಚ್ಚು ಚೆಲ್ಲಿದವಳು ಅಲ್ಲಿಯೂ ಇಲ್ಲ.

ಹಿತ್ತಲಿನ ಕೋಳಿಯನ್ನು ಅದರ ಸಹಜಸ್ಥಾನದಲ್ಲಿಯೇ ಕಂಡವರು ಬಸವಣ್ಣನವರು. ಒಂದಗುಳನ್ನು ಕಂಡ ಕಾಗೆ, ಒಂದು ಕುಟುಕನ್ನು ಕಂಡ ಕೋಳಿ — ಇವು ತಮ್ಮ ಬಳಗವನ್ನು ಕರೆಯದೆ ತಿನ್ನುವುದಿಲ್ಲ. ಭಕ್ತನೆನಿಸಿಕೊಂಡವನಲ್ಲಿ ಆ ಗುಣವಿಲ್ಲವಾದರೆ ಅವನು ಈ ಪ್ರಾಣಿಗಳಿಗಿಂತಲೂ ಕೀಳು ಎಂಬುದು ಅವರ ಸುಪ್ರಸಿದ್ಧ ವಚನವೊಂದರ ಭಾವ. ಈ ವಚನವನ್ನು ದಾಸೋಹತತ್ತ್ವದ ನಿದರ್ಶನವಾಗಿ ವ್ಯಾಖ್ಯಾನಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಇಲ್ಲಿ ಇನ್ನೊಂದು ಅಂಶವೂ ಅಡಗಿದೆ. ಮರಿಗಳೊಡನೆ ತಿರುಗುವ ಹೇಂಟೆ ಕಾಳು ಕಂಡೊಡನೆ ಒಂದು ಬಗೆಯ ಸಣ್ಣ ದನಿಯಲ್ಲಿ ಮರಿಗಳನ್ನು ಕರೆಯುವುದನ್ನೂ, ತಾನು ಕುಕ್ಕಿದ ಕಾಳನ್ನು ಅವುಗಳ ಮುಂದೆ ಬೀಳಿಸುವುದನ್ನೂ ದಿನನಿತ್ಯ ಕಂಡವರಿಗೆ ಮಾತ್ರ ಈ ಹೋಲಿಕೆ ಹೊಳೆಯಬಲ್ಲದು. ಉಣ್ಣಲ್ಪಡುವ ಪ್ರಾಣಿಯನ್ನೇ ಉಣ್ಣುವ ಧರ್ಮದ ಗುರುವಾಗಿ ನಿಲ್ಲಿಸಿರುವುದು ಈ ವಚನದ ವಿಶೇಷ. ಕಂಡವನು ಬಳಗವನ್ನು ಕರೆಯಬೇಕೆಂಬ ಈ ಕೋಳಿಯ ಧರ್ಮವನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಕೃತಿಗಳನ್ನು ಪರೀಕ್ಷಿಸುವುದು ಅಯುಕ್ತವಾಗದು.

೪

ಜನ್ನನ ‘ಯಶೋಧರಚರಿತೆ’ ೧೨೦೯ರ ಕೃತಿ. ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಸಾಗುವ ಈ ಕಾವ್ಯದ ಕಥೆ ಸುಪರಿಚಿತವಾದುದು. ಉಜ್ಜಯಿನಿಯ ಅರಸ ಯಶೋಧರ, ತನ್ನ ರಾಣಿ ಅಮೃತಮತಿ ವಿಕಾರರೂಪಿಯಾದ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಾಣುತ್ತಾನೆ. ಕಂಡುದನ್ನು ಕನಸೆಂದು ಮರೆಮಾಚಿ ತಾಯಿ ಚಂದ್ರಮತಿಗೆ ತಿಳಿಸುತ್ತಾನೆ. ಕನಸಿನ ದೋಷಶಾಂತಿಗೆ ದೇವಿಗೆ ಪ್ರಾಣಿಬಲಿಯಾಗಬೇಕೆಂದು ಅವಳು ಹಟಹಿಡಿದಾಗ, ಕೊಲ್ಲಲೊಲ್ಲದ ಅರಸ ಹಿಟ್ಟಿನ ಹುಂಜವನ್ನು ಬಲಿಕೊಡಲು ಒಪ್ಪುತ್ತಾನೆ. ಆ ಹುಂಜದ ಚೆಲುವಿಗೆ ಮೆಚ್ಚಿ ಬೆಂತರವೊಂದು ಅದರೊಳಗೆ ಹೊಕ್ಕಿದ್ದುದರಿಂದ ಕತ್ತಿ ತಗಲಿದೊಡನೆ ಅದು ಕೂಗುತ್ತದೆ. ಮುಂದೆ ತಾಯಿಮಗ ಇಬ್ಬರೂ ಅಮೃತಮತಿ ಊಟಕ್ಕೆ ಕರೆದು ಬಡಿಸಿದ ವಿಷದ ಲಡ್ಡುಗೆಯಿಂದ ಸತ್ತು, ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದು ಕಾವ್ಯದ ಪ್ರಕಟವಾದ ಉಪದೇಶ. ವಿಮರ್ಶಕರು ಬಹುಕಾಲದಿಂದ ಎತ್ತಿ ತೋರಿಸಿರುವುದೂ ಅದನ್ನೇ. ಆದರೆ ಹಿಟ್ಟಿನ ಹುಂಜವನ್ನು ಹಿತ್ತಲ ಹುಂಜದ ಪಕ್ಕದಲ್ಲಿರಿಸಿ ನೋಡಿದರೆ ಮತ್ತೊಂದು ಅರ್ಥ ಹೊಳೆಯುತ್ತದೆ. ಹಿಟ್ಟಿನ ಹುಂಜವನ್ನು ಯಾರೂ ಸಾಕಿಲ್ಲ. ಅದು ಯಾರ ಅಂಗಳದಲ್ಲಿಯೂ ಕಾಳು ಕುಕ್ಕಿಲ್ಲ; ಅದು ಹೋದರೆ ಯಾರ ಗೂಡೂ ಬರಿದಾಗುವುದಿಲ್ಲ. ಬೆಲೆ ತೆರದೆ ಬಲಿಯ ಫಲವನ್ನು ಪಡೆಯುವ ಉಪಾಯ ಅದು. ಇಲ್ಲಿ ನಡೆದಿರುವುದು ಒಂದು ಬದಲಿಯಲ್ಲ, ಎರಡು: ನಿಜಕ್ಕೆ ಬದಲಾಗಿ ಕನಸು, ಪ್ರಾಣಕ್ಕೆ ಬದಲಾಗಿ ಹಿಟ್ಟು. ಮೊದಲನೆಯ ಸುಳ್ಳಿನಿಂದ ಎರಡನೆಯದು ಹುಟ್ಟಿತು. ಹಿಟ್ಟು ಕೂಗಿದುದು ಬೆಂತರದ ಮಹಿಮೆಯೆಂದು ಕಥೆ ಹೇಳುತ್ತದೆ. ಬಚ್ಚಿಟ್ಟ ನಿಜವೇ ಬಾಯಿಬಿಟ್ಟಿತೆಂದು ಸಹೃದಯನು ಭಾವಿಸಿದರೆ ಜನ್ನನಿಗೆ ಅನ್ಯಾಯವಾಗದು.

ಕಾವ್ಯದಲ್ಲಿ ನಿಜವಾಗಿ ಸಾಕಿದ ಕೋಳಿಗಳು ಬರುವುದು ಪ್ರಾಣಿಜನ್ಮಗಳ ಕೊನೆಯಲ್ಲಿ. ತಾಯಿಮಗ ಕೋಳಿಗಳಾಗಿ ಹುಟ್ಟಿ, ಯಶೋಧರನ ಮಗನಾದ ಯಶೋಮತಿಯ ಸೇವಕನೊಬ್ಬನ ಪಾಲನೆಯಲ್ಲಿರುತ್ತಾರೆ. ಆ ಸೇವಕನಿಗೆ ಮುನಿ ಮಾಡುತ್ತಿದ್ದ ಧರ್ಮೋಪದೇಶ ಪಕ್ಕದಲ್ಲಿದ್ದ ಕೋಳಿಗಳ ಕಿವಿಗೂ ಬಿದ್ದು, ಹಿಂದಿನ ಜನ್ಮಗಳ ಸ್ಮರಣೆ ಮೂಡಿ, ಅವು ಸಂತೋಷದಿಂದ ಕೂಗುತ್ತವೆ. ಆ ದನಿಯನ್ನು ಕೇಳಿದ ಯಶೋಮತಿ ರಾಣಿಗೆ ತನ್ನ ಶಬ್ದವೇಧಿಯ ಕೌಶಲವನ್ನು ತೋರಿಸಲು ಬಾಣ ಬಿಟ್ಟು ಅವನ್ನು ಕೊಲ್ಲುತ್ತಾನೆ. ತನ್ನ ತಂದೆಯನ್ನೂ ಅಜ್ಜಿಯನ್ನೂ ಕೊಂದೆನೆಂಬ ಅರಿವು ಅವನಿಗಿಲ್ಲ. ಅವರು ಮುಂದೆ ಅವನಿಗೇ ಅವಳಿಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತಾರೆ.

ಹೀಗೆ ಕಾವ್ಯದಲ್ಲಿ ಎರಡು ಕೂಗುಗಳಿವೆ: ಮೊದಲನೆಯದು ಹಿಟ್ಟಿನ ಹುಂಜದ್ದು, ಎರಡನೆಯದು ಸಾಕಿದ ಕೋಳಿಗಳದ್ದು. ಮೊದಲನೆಯ ಕೂಗಿಗೆ ಅರಸ ಬೆಚ್ಚಿದನು. ಎರಡನೆಯ ಕೂಗು ಅರಸನಿಗೆ ಗುರಿಯಾಯಿತು. ಈ ಎರಡು ಪ್ರಸಂಗಗಳಲ್ಲಿಯೂ ಕೊಂದವನಿಗೆ ಹಸಿವಿಲ್ಲ. ಒಂದೆಡೆ ಭಯ, ಇನ್ನೊಂದೆಡೆ ಪ್ರದರ್ಶನ. ಸಾಕಿದವನನ್ನು ಎರಡನೆಯ ಪ್ರಸಂಗದಲ್ಲಿಯೂ ಯಾರೂ ಕೇಳಲಿಲ್ಲ. ಕಾವ್ಯದಲ್ಲಿ ವಿಸ್ತಾರವಾಗಿ ನೆನಪಿನಲ್ಲುಳಿಯುವ ಊಟವೆಂದರೆ ವಿಷದ ಊಟ. ಕರೆಯುವುದೂ ಉಂಟು, ಬಡಿಸುವುದೂ ಉಂಟು, ಹಂಚಿ ಉಣ್ಣುವುದು ಮಾತ್ರ ಇಲ್ಲ. ಬಸವಣ್ಣನವರ ಕೋಳಿ ಬಳಗವನ್ನು ಬದುಕಿಗೆ ಕರೆಯಿತು. ಅಮೃತಮತಿ ಬಳಗವನ್ನು ಸಾವಿಗೆ ಕರೆದಳು. ಜನ್ನನ ಖಂಡನೆ ಹಸಿದವನ ಎಲೆಯ ಮೇಲೆ ಎರಗುವುದಿಲ್ಲವೆಂಬುದನ್ನು ಗುರುತಿಸಿದಾಗ ಕಾವ್ಯದ ಕಾರುಣ್ಯ ಇನ್ನಷ್ಟು ವಿಶಾಲವಾಗಿ ತೋರುತ್ತದೆ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (೧೯೮೦) ಈ ಕಥೆಯನ್ನು ಅರಸ, ಅರಸಿ, ರಾಜಮಾತೆ, ಮಾವುತ ಎಂಬ ನಾಲ್ವರ ನಡುವೆ ನಿಲ್ಲಿಸಿತು. ಹಿಂಸೆಯ ಪ್ರಶ್ನೆ ದೇವಿಯ ಗುಡಿಯಿಂದ ದಾಂಪತ್ಯದ ಒಳಕೋಣೆಗೆ ಬಂದಿತು. ತಾಯಿಯ ಪದ್ಧತಿಗೂ ಹೆಂಡತಿಯ ನಂಬಿಕೆಗೂ ನಡುವೆ ಸಿಕ್ಕಿದ ಗಂಡಸಿನ ಸಂಧಾನದ ವಸ್ತುವಾಗಿ ಹಿಟ್ಟು ನಿಂತಿತು. ಮನಸ್ಸಿನ ಸೂಕ್ಷ್ಮವನ್ನು ಬಗೆದು ತೋರಿಸುವುದರಲ್ಲಿ ನಾಟಕ ಗೆದ್ದಿದೆ. ಕೋಳಿಯ ದೃಷ್ಟಿಯಿಂದ ಮಾತ್ರ ಅದು ಜನ್ನನಿಗಿಂತ ಒಂದು ಹೆಜ್ಜೆ ದೂರ: ಅಲ್ಲಿ ಹುಂಜ ಪೂರ್ತಿಯಾಗಿ ಸಂಕೇತ, ತಿಪ್ಪೆಯ ಗೊಬ್ಬರ ಅದರ ಕಾಲಿಗೆ ಅಂಟಿಲ್ಲ.

ಬದಲಿಯ ಈ ಪದ್ಧತಿ ಕಾವ್ಯದಲ್ಲಿ ಮಾತ್ರ ಉಳಿದುದಲ್ಲ. ಆಯುಧಪೂಜೆಯಂದು ಕುಂಕುಮ ಬಳಿದ ಬೂದುಗುಂಬಳಕಾಯಿಯನ್ನು ಒಡೆಯುವ ರೂಢಿಯಲ್ಲಿ ಅದು ಇಂದಿಗೂ ಜೀವಂತವಾಗಿದೆ. ೧೯೫೯ರ ಪ್ರಾಣಿಬಲಿ ನಿಷೇಧದ ಶಾಸನ ದೇವಾಲಯದ ಆವರಣದಲ್ಲಿ ಪ್ರಾಣಿಪಕ್ಷಿಗಳ ಬಲಿಯನ್ನು ನಿಲ್ಲಿಸಲು ಬಂದಿತು. ಶಾಸನ ನೋಡುವುದು ಕೊಲ್ಲುವ ಸ್ಥಳವನ್ನೂ ಉದ್ದೇಶವನ್ನೂ. ಸಾಕಿದವಳ ಪಾಲಿಗೆ ಏನು ಬಂದಿತೆಂಬುದು ಅದರ ವ್ಯಾಪ್ತಿಗೆ ಸೇರಿದುದಲ್ಲ. ಅದು ಸಾಹಿತ್ಯ ನೋಡಬೇಕಾದ ಸಂಗತಿ.

೫

ಊಟವನ್ನು ಸಂಕೋಚವಿಲ್ಲದೆ ಕನ್ನಡ ಕಥನಕ್ಕೆ ತಂದವರಲ್ಲಿ ಕುವೆಂಪು ಅಗ್ರಗಣ್ಯರು. ‘ಕಾನೂರು ಹೆಗ್ಗಡಿತಿ’ (೧೯೩೬), ‘ಮಲೆಗಳಲ್ಲಿ ಮದುಮಗಳು’ (೧೯೬೭) ಈ ಎರಡು ಕಾದಂಬರಿಗಳಲ್ಲಿ ಮಾಂಸದಡುಗೆ, ಕಡುಬು, ಕಳ್ಳು, ನೆಂಟರ ಸತ್ಕಾರ ಇವು ಮಳೆ ಕಾಡುಗಳಷ್ಟೇ ಸಹಜವಾಗಿ ಬರುತ್ತವೆ. ಶಿಷ್ಟ ಸಾಹಿತ್ಯ ಮೂಗು ಮುಚ್ಚಿಕೊಂಡಿದ್ದ ಒಲೆಯ ಬಳಿಗೆ ಓದುಗನನ್ನು ಕರೆದೊಯ್ದು ಕೂರಿಸಿದ ಧೈರ್ಯ ಸಾಮಾನ್ಯವಾದುದಲ್ಲ. ಬಹುಸಂಖ್ಯಾತ ಕನ್ನಡಿಗರ ಹಬ್ಬದ ಎಲೆ ಹೀಗಿರುತ್ತದೆಂದು ಮಹಾಕಾದಂಬರಿಯ ಗಾಂಭೀರ್ಯದಲ್ಲಿ ಹೇಳಿದುದು ಒಂದು ಸಾಂಸ್ಕೃತಿಕ ಘಟನೆಯೇ ಸರಿ.

ಕುವೆಂಪು ಎಲೆಯನ್ನು ತೋರಿಸಿ ಸುಮ್ಮನಾಗುವುದಿಲ್ಲ. ಯಾರು ಎಲ್ಲಿ ಕುಳಿತರು ಎಂಬುದನ್ನೂ ತೋರಿಸುತ್ತಾರೆ. ಒಡೆಯರು ಜಗಲಿಯ ಮೇಲೆ, ಆಳುಗಳು ಹೊರಗೆ, ಹೆಂಗಸರು ಎಲ್ಲರದೂ ಆದ ಮೇಲೆ; ಜಾತಿಯ ಮೆಟ್ಟಿಲುಗಳು ಊಟದ ಹೊತ್ತಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣವು. ಬಳಗವನ್ನು ಕರೆಯುವ ಧರ್ಮ ಅಲ್ಲಿ ಅರ್ಧ ನೆರವೇರುತ್ತದೆ: ಎಲ್ಲರಿಗೂ ಪಾಲುಂಟು, ಎಲ್ಲರಿಗೂ ಸಮನಾದ ಪಾಲಿಲ್ಲ. ಈ ಅಸಮತೆಯನ್ನು ಕಾದಂಬರಿಕಾರರು ಮರೆಮಾಚದೆ ಚಿತ್ರಿಸಿದ್ದಾರೆ ಎಂಬುದು ಅವರ ಹಿರಿಮೆ.

ಆದರೂ ಒಂದು ಕೊರತೆಯನ್ನು ಹೇಳದೆ ಇರಲಾಗದು. ಈ ಕಾದಂಬರಿಗಳಲ್ಲಿ ಬೇಟೆಗೆ ದೊರೆತ ವಿಸ್ತಾರ ಕೋಳಿಯ ಒಡ್ಡಿಗೆ ದೊರೆತಿಲ್ಲ. ಬೇಟೆಯಲ್ಲಿ ಕೋವಿಯುಂಟು, ನಾಯಿಯುಂಟು, ಅಪಾಯವುಂಟು. ಅದನ್ನು ಕುರಿತು ಜಗಲಿಯಲ್ಲಿ ಕುಳಿತು ಹೇಳಿಕೊಳ್ಳುವ ಕಥೆಗಳುಂಟು. ಬೇಟೆಗಾರನಿಗೂ ಬೇಟೆಗೂ ಪರಿಚಯ ಒಂದು ಕ್ಷಣದ್ದು. ಸಾಕಿದ ಕೋಳಿಯ ಕಥೆಯೋ ಐದಾರು ತಿಂಗಳ ಮೌನದ ಕಥೆ. ಹೊಡೆದವನ ಹೆಸರು ಊಟದ ಹೊತ್ತಿನಲ್ಲಿ ಹತ್ತು ಬಾರಿ ಬರುತ್ತದೆ; ಸಾಕಿದವಳ ಹೆಸರು ಬರುವುದಿಲ್ಲ. ಗಂಡಸಿನ ಸಾಹಸದ ಮಾಂಸಕ್ಕೆ ಕಥನವಿದೆ, ಹೆಂಗಸಿನ ತಾಳ್ಮೆಯ ಮಾಂಸಕ್ಕೆ ಇಲ್ಲ. ಈ ಅಂತರ ಕುವೆಂಪು ಅವರೊಬ್ಬರದಲ್ಲ. ಅವರು ಚಿತ್ರಿಸಿದ ಜಗಲಿಯದೇ ಹೌದು.

೬

ದೇವನೂರ ಮಹಾದೇವರ ‘ಒಡಲಾಳ’ ಆ ಮೌನವನ್ನು ಮುರಿದ ಕೃತಿ. ಕಥೆ ಪ್ರಾರಂಭವಾಗುವುದೇ ಸಾಕವ್ವನ ಹುಂಜ ಕಳೆದುಹೋಗಿರುವುದರಿಂದ.

ಒಂದು ದಲಿತ ಕುಟುಂಬದ ಹಿರಿಯಳಾದ ಸಾಕವ್ವ ತನ್ನ ಹುಂಜವನ್ನು ಅರಸಿಕೊಂಡು ಅಲೆಯುತ್ತಾಳೆ. ಹೊರಗಿನವರಿಗೆ ಅದೊಂದು ಕೋಳಿ; ಅವಳಿಗೆ ತನ್ನ ಕಾಲದ, ಕಾಳಿನ, ಕಣ್ಣಿನ ಕಾವಲಿನ ಮೊತ್ತ. ಮಕ್ಕಳು ಸೊಸೆಯರು ಮೊಮ್ಮಕ್ಕಳು ತುಂಬಿದ, ಜಗಳವೂ ಅಕ್ಕರೆಯೂ ತುಂಬಿದ ಆ ಮನೆಯಲ್ಲಿ ಅವಳದೇ ಎನ್ನಬಹುದಾದ ವಸ್ತುಗಳು ಬಹಳವಿಲ್ಲ. ಕನ್ನಡ ಕಥನದಲ್ಲಿ ಸಾಕಿದವಳು ಮುನ್ನೆಲೆಗೆ ಬಂದು, ನನ್ನ ಕೋಳಿ ಎಲ್ಲಿ ಎಂದು ಇಷ್ಟು ಎತ್ತರದ ದನಿಯಲ್ಲಿ ಕೇಳಿದುದು ಇಲ್ಲಿ. ಗಾದೆ ಕೇಳದ ಪ್ರಶ್ನೆಯನ್ನು ಸಾಕವ್ವ ಕೇಳಿದಳು.

ಈ ಕೃತಿಯಲ್ಲಿ ಹಬ್ಬದ ಊಟವೂ ಇದೆ. ಆದರೆ ಅದು ಪಂಚಾಂಗದಲ್ಲಿ ಬರೆದ ಹಬ್ಬವಲ್ಲ, ಎಲೆಯ ಮೇಲೆ ಹುಂಜವೂ ಇಲ್ಲ. ಮನೆಯ ಮಗನೊಬ್ಬ ಸಾಹುಕಾರನ ಕಡಲೆಕಾಯಿಯನ್ನು ಕದ್ದು ತರುತ್ತಾನೆ. ಮನೆಯ ಎಲ್ಲರೂ, ಹಗಲು ಜಗಳವಾಡಿದವರೂ ಸಹ, ಇರುಳಿನಲ್ಲಿ ಬೆಂಕಿಯ ಸುತ್ತ ಕುಳಿತು ಅದನ್ನು ತಿನ್ನುತ್ತಾರೆ. ಆ ರಾತ್ರಿಯ ತಿನ್ನುವಿಕೆಯಲ್ಲಿ ಅಪಾಯದ ಅರಿವಿದೆ, ಕಳವಿನ ಕುರುಹನ್ನು ಉಳಿಸಬಾರದೆಂಬ ಆತುರವಿದೆ. ಆದರೂ ಅದನ್ನು ಓದುವಾಗ ಮನಸ್ಸಿನಲ್ಲಿ ನಿಲ್ಲುವುದು ಸಂಭ್ರಮ. ಯಾರಿಗೂ ಮೇಲಿನ ಎಲೆಯಿಲ್ಲ, ಯಾರಿಗೂ ಕೊನೆಯ ಪಂಕ್ತಿಯಿಲ್ಲ. ಕಂಡವನು ಬಳಗವೆಲ್ಲವನ್ನೂ ಕರೆದಿದ್ದಾನೆ. ಬಸವಣ್ಣನವರು ಕೋಳಿಯಲ್ಲಿ ಕಂಡ ಧರ್ಮ ಎಂಟು ಶತಮಾನಗಳ ಬಳಿಕ ಕೇರಿಯ ಒಂದು ಗುಡಿಸಿಲಿನಲ್ಲಿ, ಕದ್ದ ಕಡಲೆಕಾಯಿಯ ಸುತ್ತ ನೆರವೇರಿತೆಂದರೆ, ಅದು ಕಳವಿನ ಸಮರ್ಥನೆಯಲ್ಲ. ಬಳಗವನ್ನು ಕರೆಯದೆ ರಾಶಿ ಹಾಕಿಕೊಂಡವರ ವಿಮರ್ಶೆ.

ಮುಂದೆ ಪೊಲೀಸರು ಮನೆಯನ್ನು ಶೋಧಿಸಲು ಬರುತ್ತಾರೆ. ಸಾಹುಕಾರನ ಕಡಲೆಕಾಯಿಯನ್ನು ಹುಡುಕಲು ಅಧಿಕಾರ ಬೆಳಗಾಗುತ್ತಲೇ ಹೊರಡುತ್ತದೆ. ಸಾಕವ್ವನ ಹುಂಜವನ್ನು ಹುಡುಕಲು ಅವಳ ಕಾಲುಗಳೇ ಗತಿ. ಎರಡೂ ಕಳೆದುಹೋದ ಸ್ವತ್ತುಗಳೇ. ಒಂದಕ್ಕೆ ಲೆಕ್ಕಪುಸ್ತಕದ ಆಧಾರವುಂಟು, ಇನ್ನೊಂದಕ್ಕೆ ಸಂಜೆಯ ಎಣಿಕೆಯ ಆಧಾರ ಮಾತ್ರ. ಈ ಎರಡು ಶೋಧಗಳನ್ನು ಅಕ್ಕಪಕ್ಕದಲ್ಲಿರಿಸಿ, ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸದೆ ಬಿಟ್ಟಿರುವುದು ಲೇಖಕರ ಸಂಯಮಕ್ಕೆ ಸಾಕ್ಷಿ.

೭

ಇಲ್ಲಿ ಎರಡು ಆಕ್ಷೇಪಗಳಿಗೆ ಅವಕಾಶವುಂಟು. ಹಂಚಿ ತಿಂದರೂ, ಹಂಚದೆ ತಿಂದರೂ ಕೋಳಿಯ ಪಾಲಿಗೆ ಸಾವೇ ಅಲ್ಲವೆ ಎಂಬುದು ಮೊದಲನೆಯದು. ಈ ಮಾತಿಗೆ ಪೂರ್ಣವಾದ ಉತ್ತರವಿಲ್ಲ. ಇದೆಯೆಂದು ನಟಿಸುವುದು ಮತ್ತೊಂದು ಹಿಟ್ಟಿನ ಹುಂಜವನ್ನು ಮಾಡಿದಂತೆ. ಜನ್ನನ ಪ್ರಶ್ನೆ ಪ್ರತಿಯೊಂದು ಎಲೆಯ ಮುಂದೆಯೂ ನಿಂತೇ ಇರುತ್ತದೆ. ತಾನು ಸಾಕಿದ ಪ್ರಾಣಿಯನ್ನು ತಾನೇ ಹಿಡಿದುಕೊಟ್ಟವಳು ಆ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸುತ್ತಾಳೆ. ಉಳಿದವರು ಅದಕ್ಕೆ ಬೆನ್ನು ತಿರುಗಿಸಿ ಉಣ್ಣುತ್ತಾರೆ ಎಂಬಷ್ಟನ್ನು ಮಾತ್ರ ಹೇಳಬಹುದು. ಎರಡನೆಯ ಆಕ್ಷೇಪ, ಇದು ಸಮಾಜಶಾಸ್ತ್ರವೇ ಹೊರತು ಸಾಹಿತ್ಯವಿಮರ್ಶೆಯಲ್ಲವೆಂಬುದು. ಹಿಟ್ಟು ಎಂಬುದರ ಅರ್ಥ ಜೀವವುಳ್ಳ ಕೋಳಿಯನ್ನು ಬಲ್ಲವನಿಗೆ ಮಾತ್ರ ಪೂರ್ತಿಯಾಗಿ ತಿಳಿಯುತ್ತದೆ. ಕಳೆದ ಹುಂಜದ ದುಃಖ ಅದನ್ನು ಎಣಿಸಿದವಳನ್ನು ಬಲ್ಲವನಿಗೆ ಮಾತ್ರ ತಿಳಿಯುತ್ತದೆ. ಸಾಕಣೆಯನ್ನು ಅರಿಯದೆ ಈ ಕೃತಿಗಳ ರಸವನ್ನು ಪೂರ್ಣವಾಗಿ ಅರಿಯಲಾಗದು ಎಂಬುದೇ ಆ ಆಕ್ಷೇಪಕ್ಕೆ ಸಮಾಧಾನ.

ಹೊರನಾಡ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಮುಂಬಯಿ, ಪುಣೆಗಳ ಚಾಳುಗಳಲ್ಲಿ, ಗೃಹನಿರ್ಮಾಣ ಸಂಘಗಳ ಮಹಡಿಗಳಲ್ಲಿ ಹಿತ್ತಲಿಲ್ಲ. ತುಳುನಾಡಿನಿಂದ ಬಂದವರು ಕೋರಿರೊಟ್ಟಿಯನ್ನು ತಮ್ಮೊಡನೆ ತಂದರು, ಕೋಳಿಗೂಡನ್ನು ತರಲಾಗಲಿಲ್ಲ. ರುಚಿ ಪ್ರಯಾಣ ಮಾಡಿತು, ಸಾಕಣೆ ಊರಿನಲ್ಲಿಯೇ ಉಳಿಯಿತು. ಅದರೊಡನೆ ಒಂದಿಷ್ಟು ಭಾಷೆಯೂ ಅಲ್ಲಿಯೇ ಉಳಿಯಿತು. ಹುಂಜ, ಹೇಂಟೆ, ಹೂಮರಿ, ಕಾವು, ಒಡ್ಡಿ ಮುಂತಾದ ಶಬ್ದಗಳ ಸ್ಥಳದಲ್ಲಿ ಅಂಗಡಿಯ ‘ಚಿಕನ್’ ಎಂಬ ಒಂದೇ ಶಬ್ದ ಬಂದು ಕುಳಿತಿದೆ. ಆ ಶಬ್ದಕ್ಕೆ ಗಂಡು ಹೆಣ್ಣಿಲ್ಲ, ವಯಸ್ಸಿಲ್ಲ, ಬಣ್ಣವಿಲ್ಲ. ಅದು ಕೂಗುವುದೂ ಇಲ್ಲ. ಒಂದರ್ಥದಲ್ಲಿ ನಗರದ ಕೋಳಿಯೂ ಹಿಟ್ಟಿನ ಹುಂಜವೇ: ಉಣ್ಣುವವನ ಮಟ್ಟಿಗೆ ಅದನ್ನು ಯಾರೂ ಸಾಕಿಲ್ಲ.

ಇನ್ನೊಂದು ಮಾತು. ಹೊರನಾಡಿನ ಕನ್ನಡ ಸಂಘಗಳ ಯುಗಾದಿಯಲ್ಲಿ ಬೇವುಬೆಲ್ಲ, ಹೋಳಿಗೆಗಳು ಸಾಮಾನ್ಯ. ಮರುದಿನದ ಹೊಸತೊಡಕು ಮಾತ್ರ ಬಾಗಿಲು ಮುಚ್ಚಿದ ಮನೆಗಳ ಊಟವಾಗಿ ಉಳಿದುಬಿಟ್ಟಿದೆ. ಎಲ್ಲರಿಗೂ ಒಗ್ಗುವ ಊಟವನ್ನು ಸಭೆಯಲ್ಲಿ ಬಡಿಸುವುದು ವಿವೇಕವೇ, ಅದರಲ್ಲಿ ದೋಷವಿಲ್ಲ. ಆದರೆ ಕನ್ನಡ ಸಂಸ್ಕೃತಿಯ ವಿಷಯವಾಗಿ ಬರೆಯುವಾಗ, ಭಾಷಣ ಮಾಡುವಾಗ, ಎಳೆಯರಿಗೆ ಹೇಳಿಕೊಡುವಾಗ ಮೊದಲನೆಯ ದಿನವನ್ನು ಮಾತ್ರ ಹೇಳಿ ಎರಡನೆಯ ದಿನವನ್ನು ಬಿಡುವುದು ‘ಸೂಪಶಾಸ್ತ್ರ’ವೊಂದನ್ನೇ ಕನ್ನಡಿಗರ ಅಡುಗೆಮನೆಯೆಂದು ತಿಳಿಯುವುದಕ್ಕೆ ಸಮಾನ. ಬಳಗವನ್ನು ಕರೆಯುವುದೆಂದರೆ ಅವರನ್ನು ತಮ್ಮ ಎಲೆಯ ಬಳಿಗೆ ಕರೆಯುವುದಷ್ಟೇ ಅಲ್ಲ; ಅವರ ಎಲೆಯೂ ಎಲೆಯೇ ಎಂದು ಒಪ್ಪುವುದು.

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕ್ರಿಯಾಪದವಾದಾಗ ಅದು ಪೋಷಿಸುವುದನ್ನು ಹೇಳುತ್ತದೆ. ಅವ್ಯಯವಾದಾಗ ತೃಪ್ತಿಯನ್ನು ಹೇಳುತ್ತದೆ. ಹಬ್ಬದ ದಿನ ಉಂಡವನು ಎಲೆಯ ಮೇಲೆ ಕೈ ಅಡ್ಡಹಿಡಿದು ‘ಸಾಕು’ ಎನ್ನುತ್ತಾನೆ. ಆ ಎಲೆಯ ಮೇಲಿನ ಅನ್ನದ ಹಿಂದೆ ಇನ್ನೊಬ್ಬಳ ಸಾಕುವಿಕೆ ಇದೆ. ಯಶೋಧರನ ಅರಮನೆಯಲ್ಲಿ ಈ ಎರಡರಲ್ಲಿ ಯಾವುದೂ ಇರಲಿಲ್ಲ. ಮಲೆನಾಡಿನ ಜಗಲಿಯಲ್ಲಿ ಎರಡೂ ಇದ್ದವು, ಆದರೆ ಬೇರೆ ಬೇರೆ ಜನರ ಪಾಲಿಗೆ. ಸಾಕುವುದನ್ನೇ ಹೆಸರಾಗಿ ಹೊತ್ತ ಸಾಕವ್ವ ಹಗಲು ತನ್ನ ಹುಂಜವನ್ನು ಕಳೆದುಕೊಂಡು, ಇರುಳು ತನ್ನವರೆಲ್ಲರ ನಡುವೆ ಕುಳಿತು ಹೊಟ್ಟೆತುಂಬ ತಿಂದಳು. ಸಾಕಿದವಳೂ ಎಲ್ಲರ ಜೊತೆಗೆ ಕುಳಿತು ‘ಸಾಕು’ ಎನ್ನುವಂಥ ಹಬ್ಬವನ್ನು ಕನ್ನಡ ಸಾಹಿತ್ಯ ಒಂದೇ ಒಂದು ರಾತ್ರಿಯ ಮಟ್ಟಿಗೆ ಕಂಡಿದೆ. ಆ ರಾತ್ರಿಯ ಬೆಳಗು ಹೇಗಾಯಿತೆಂಬುದನ್ನೂ ಅದು ಮರೆಸದೆ ಹೇಳಿದೆ.